ಪತ್ರಿಕೆ ಸಣ್ಣದಾದರೆ ಹಳದಿ ಆಗುತ್ತದೆಯೇ?

ಓದುಗರ ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಹದಿನೈದು ದಿನಕ್ಕೊಮ್ಮೆ ಬರುವ ಸುದ್ದಿಪತ್ರಿಕೆ ಶುರು ಮಾಡುತ್ತಿದ್ದೇವೆ. ಮುದ್ರಣಾಲಯದವರು ‘ಟ್ಯಾಬ್ಲಾಯ್ಡ್ ಅಳತೆಯೇ ನಿಮಗೆ ಅನುಕೂಲ’ ಅನ್ನುತ್ತಿದ್ದಾರೆ. ತಂಡದ ಹಿರಿಯರೊಬ್ಬರು ಸುತಾರಾಂ ಒಪ್ಪುತ್ತಿಲ್ಲ. ‘ಟ್ಯಾಬ್ಲಾಯ್ಡ್ ಅಂದ್ರೆ ಹಳದಿ ಪತ್ರಿಕೆ. ಕೈಗೆ ಎತ್ತಿಕೊಂಡ ಕೂಡಲೇ ಜನ ನಮ್ಮನ್ನು ಅದೇ ಸಾಲಿಗೆ ಸೇರಿಸುತ್ತಾರೆ’ ಎನ್ನುತ್ತಾರೆ. ಇನ್ನೊಬ್ಬ ಗೆಳೆಯ ‘ಅದು ಬರೀ ಕಾಗದದ ಅಳತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ’ ಅನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ? ದೊಡ್ಡ ಹಾಳೆಯಲ್ಲಿ ತಂದರೆ ಗೌರವ ಜಾಸ್ತಿ ಸಿಗುತ್ತದೆಯೇ? ಇವೆರಡರ ನಡುವಿನ ಅಳತೆ ಯಾವುದಾದರೂ ಇದೆಯೇ?

ಉತ್ತರ: ನಿಮ್ಮ ತಂಡದ ಅಳುಕು ಹೆಸರು ಕೆಡುವ ಬಗ್ಗೆ. ಮೊದಲ ಸಂಚಿಕೆಯಿಂದಲೇ ಜನ ಅನುಮಾನದಿಂದ ನೋಡಿದರೆ ಆಮೇಲೆ ಅದನ್ನು ತೊಳೆದುಕೊಳ್ಳುವುದು ಕಷ್ಟ. ಆ ಭಯ ನ್ಯಾಯವಾದದ್ದೇ. ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಟ್ಯಾಬ್ಲಾಯ್ಡ್ ಅಳತೆಗೇ ಹೋಗಿ. ಆದರೆ ಮುಖಪುಟ ಹೇಗಿರಬೇಕು ಎಂಬುದನ್ನು ಮೊದಲ ಸಂಚಿಕೆ ಅಚ್ಚಿಗೆ ಹೋಗುವ ಮುಂಚೆಯೇ ಕೂತು ತೀರ್ಮಾನಿಸಿ. ವರ್ಷಗಟ್ಟಲೆ ಡೆಸ್ಕಿನಲ್ಲಿ ಕೂತು ಎರಡೂ ಅಳತೆಯ ಪುಟ ಕಟ್ಟಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಟ್ಯಾಬ್ಲಾಯ್ಡ್ ಅನ್ನುವಾಗ ಜನ ಎರಡು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಹೇಳುತ್ತಾರೆ. ಒಂದು ಹಾಳೆಯ ಅಳತೆ. ಇನ್ನೊಂದು ಸುದ್ದಿ ಬರೆಯುವ ರೀತಿ. ಅಳತೆಯ ಲೆಕ್ಕ ಸರಳ. ನಾವು ನೋಡಿ ಬೆಳೆದ ದೊಡ್ಡ ಹಾಳೆಯ ಪತ್ರಿಕೆಗೆ ಬ್ರಾಡ್‌ಶೀಟ್ ಎನ್ನುತ್ತಾರೆ. ಬ್ರಿಟನ್ನಿನ ಬ್ರಾಡ್‌ಶೀಟ್ ಪುಟ ಸುಮಾರು 60 ಸೆಂಟಿಮೀಟರ್ ಉದ್ದ, 37 ಸೆಂಟಿಮೀಟರ್ ಅಗಲ ಇರುತ್ತದೆ. ಅದನ್ನು ನಡುವೆ ಮಡಚಿ ಅಡ್ಡ ತಿರುಗಿಸಿದರೆ ಸರಿಸುಮಾರು ಟ್ಯಾಬ್ಲಾಯ್ಡ್, ಅಂದರೆ 37 ಸೆಂಟಿಮೀಟರ್ ಉದ್ದ, 30 ಅಗಲ. ಮುದ್ರಣ ಯಂತ್ರ ಬದಲಾದಂತೆ ಈ ಅಂಕಿ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಒಂದೇ ಕಾಗದದ ರೋಲು, ಒಂದೇ ಯಂತ್ರ. ಮಡಚುವ ಬಗೆ ಮಾತ್ರ ಬೇರೆ.

ಹೆಸರು ಬಂದದ್ದು ಔಷಧದ ಅಂಗಡಿಯಿಂದ. ಲಂಡನ್ನಿನ ಬರೋಸ್ ವೆಲ್‌ಕಮ್ ಕಂಪನಿ ಪುಡಿಯನ್ನು ಒತ್ತಿ ಮಾಡಿದ ತನ್ನ ಗುಳಿಗೆಗಳಿಗೆ 1884ರಲ್ಲಿ ಈ ಹೆಸರನ್ನು ನೋಂದಾಯಿಸಿತು. ಕೆಲವೇ ವರ್ಷಗಳಲ್ಲಿ ಜನ ಒತ್ತಿ ಚಿಕ್ಕದು ಮಾಡಿದ ಯಾವುದಕ್ಕಾದರೂ ಈ ಮಾತು ಬಳಸತೊಡಗಿದರು. ‘ಡೈಲಿ ಮೇಲ್’ ಪತ್ರಿಕೆಯ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಅದನ್ನು ಸುದ್ದಿಗೆ ತಂದ. 1901ರ ಜನವರಿ 1ರಂದು ಜೋಸೆಫ್ ಪುಲಿಟ್ಜರ್ ಅವನನ್ನು ಕರೆದು ತನ್ನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯನ್ನು ಒಂದು ದಿನದ ಮಟ್ಟಿಗೆ ಅವನ ಕೈಗೆ ಕೊಟ್ಟ. ಹಾರ್ಮ್ಸ್‌ವರ್ತ್ ಅರ್ಧ ಅಳತೆಯ ಹಾಳೆಯಲ್ಲಿ, ಚಿಕ್ಕ ಚಿಕ್ಕ ಸುದ್ದಿ ತುಂಬಿ, ‘ಇಪ್ಪತ್ತನೇ ಶತಮಾನದ ಪತ್ರಿಕೆ ಹೀಗಿರುತ್ತದೆ’ ಎಂದು ಹೊರತಂದ. ಅವನ ಮಟ್ಟಿಗೆ ಟ್ಯಾಬ್ಲಾಯ್ಡ್ ಅಂದರೆ ಪುರುಸೊತ್ತಿಲ್ಲದವನಿಗೆ ಚುಟುಕಾಗಿ ಸುದ್ದಿ. ಅದರಲ್ಲಿ ಕೊಳಕಿನ ಅರ್ಥ ಇರಲಿಲ್ಲ.

ಹಾಗಾದರೆ ಹಳದಿ ಎಲ್ಲಿಂದ ಬಂತು? ನಿಮ್ಮ ಹಿರಿಯರಿಗೆ ಹೇಳಬೇಕಾದ ಮುಖ್ಯ ಸಂಗತಿ ಇದು. ಪೀತ ಪತ್ರಿಕೋದ್ಯಮ ಹುಟ್ಟಿದ್ದು ದೊಡ್ಡ ಹಾಳೆಯಲ್ಲಿ. 1890ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಇದೇ ಪುಲಿಟ್ಜರನ ‘ವರ್ಲ್ಡ್’ ಮತ್ತು ವಿಲಿಯಂ ರಾಂಡಾಲ್ಫ್ ಹರ್ಸ್ಟನ ‘ಜರ್ನಲ್’ ಓದುಗರಿಗಾಗಿ ಕಚ್ಚಾಡಿದವು. ಹಳದಿ ನಿಲುವಂಗಿಯ ಹುಡುಗನೊಬ್ಬನ ವ್ಯಂಗ್ಯಚಿತ್ರ ಮೊದಲು ಒಂದರಲ್ಲಿ, ಆಮೇಲೆ ಎರಡರಲ್ಲೂ ಬರತೊಡಗಿತು. ಆ ಹುಡುಗನಿಂದ ಈ ಬಗೆಯ ಪತ್ರಿಕೋದ್ಯಮಕ್ಕೆ ಹಳದಿ ಎಂಬ ಹೆಸರು ಅಂಟಿತು. 1898ರಲ್ಲಿ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇಯ್ನ್’ ಯುದ್ಧನೌಕೆ ಸ್ಫೋಟಿಸಿತು. ಕಾರಣ ಗೊತ್ತಾಗುವ ಮೊದಲೇ ಸ್ಪೇನನ್ನು ಅಪರಾಧಿ ಎಂಬಂತೆ ತೋರಿಸಿ ಜನರನ್ನು ಕೆರಳಿಸಿದ್ದು ಈ ಪತ್ರಿಕೆಗಳು. ಎರಡೂ ಬ್ರಾಡ್‌ಶೀಟ್. ಟ್ಯಾಬ್ಲಾಯ್ಡ್ ಅನ್ನುವ ಮಾತು ಆಗಿನ್ನೂ ಪತ್ರಿಕೆಗಳ ಹತ್ತಿರ ಸುಳಿದಿರಲಿಲ್ಲ.

ಇಂಥ ಉದಾಹರಣೆ ಬೇಕಾದಷ್ಟಿವೆ. ಬ್ರಿಟನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’ 1843ರಲ್ಲಿ ಶುರುವಾದ ವಾರಪತ್ರಿಕೆ. ಕೊಲೆ, ವ್ಯಭಿಚಾರ, ಕೋರ್ಟಿನಲ್ಲಿ ಬಿಚ್ಚಿಟ್ಟ ಸಂಸಾರದ ಗುಟ್ಟುಗಳೇ ಅದರ ಬಂಡವಾಳ. 1950ರ ಸುಮಾರಿಗೆ ಅದು 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರುತ್ತಿತ್ತು. ಆಗ ಅದೂ ದೊಡ್ಡ ಹಾಳೆಯ ಪತ್ರಿಕೆಯೇ; ಟ್ಯಾಬ್ಲಾಯ್ಡ್ ಅಳತೆಗೆ ಬಂದದ್ದು 1984ರಲ್ಲಿ. ಜರ್ಮನಿಯ ‘ಬಿಲ್ಡ್’ 1952ರಲ್ಲಿ ಹುಟ್ಟಿತು. ಯುರೋಪಿನಲ್ಲಿ ರೋಚಕ ಸುದ್ದಿ ಎಂದರೆ ಮೊದಲು ನೆನಪಾಗುವ ಹೆಸರು ಅದು. ಅಲ್ಲಿನ ಪತ್ರಿಕಾ ಮಂಡಳಿ ಅದಕ್ಕೆ ಮತ್ತೆ ಮತ್ತೆ ಛೀಮಾರಿ ಹಾಕಿದೆ. ಆದರೂ ದಶಕಗಳ ಕಾಲ ಅದರ ಪುಟ ಪೂರಾ ದೊಡ್ಡದಾಗಿಯೇ ಇತ್ತು.

ಈಗ ಉಲ್ಟಾ ನೋಡಿ. ಸರ್ವಾಧಿಕಾರಿ ಫ್ರಾಂಕೋ ಸತ್ತ ಮರುವರ್ಷ, 1976ರಲ್ಲಿ, ಸ್ಪೇನಿನಲ್ಲಿ ‘ಎಲ್ ಪಾಯಿಸ್’ ಶುರುವಾಯಿತು. ಆ ದೇಶ ಪ್ರಜಾಪ್ರಭುತ್ವದ ಕಡೆ ಹೊರಳುತ್ತಿದ್ದ ಕಾಲದ ಅತ್ಯಂತ ಗಂಭೀರ ಪತ್ರಿಕೆ ಅದು. ಮೊದಲ ದಿನದಿಂದ ಅದು ಟ್ಯಾಬ್ಲಾಯ್ಡ್ ಅಳತೆ. ‘ಫಿಲಡೆಲ್ಫಿಯಾ ಡೈಲಿ ನ್ಯೂಸ್’ ಎಂಬ ಟ್ಯಾಬ್ಲಾಯ್ಡ್, ಮಾದಕವಸ್ತು ಪ್ರಕರಣಗಳನ್ನು ನೋಡಿಕೊಳ್ಳುತ್ತಿದ್ದ ಪೊಲೀಸ್ ತಂಡದ ಅಕ್ರಮಗಳನ್ನು ಬಯಲಿಗೆ ತಂದು 2010ರಲ್ಲಿ ತನಿಖಾ ವರದಿಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಲಂಡನ್ನಿನ ‘ಡೈಲಿ ಮಿರರ್’ ಪಕ್ಕಾ ಜನಸಾಮಾನ್ಯರ ಟ್ಯಾಬ್ಲಾಯ್ಡ್. 1979ರಲ್ಲಿ ಅದು ಒಂದು ಸಂಚಿಕೆಯ ಬಹುಪಾಲನ್ನು ಕಾಂಬೋಡಿಯಾದ ಹತ್ಯಾಕಾಂಡ, ಹಸಿವಿನ ಕುರಿತ ಜಾನ್ ಪಿಲ್ಜರ್ ವರದಿಗೇ ಬಿಟ್ಟುಕೊಟ್ಟಿತ್ತು.

ಇನ್ನೂ ಬೇಕೆಂದರೆ 2003ರ ಲಂಡನ್ ನೋಡಿ. 1785ರಿಂದ ನಡೆದು ಬಂದ ‘ದಿ ಟೈಮ್ಸ್’ ಆ ವರ್ಷದ ನವೆಂಬರಿನಿಂದ ಹತ್ತಿರ ಹತ್ತಿರ ಒಂದು ವರ್ಷ, ಒಂದೇ ಸುದ್ದಿಯನ್ನು ಎರಡು ಅಳತೆಯಲ್ಲಿ ಅಚ್ಚು ಹಾಕಿ ಅಂಗಡಿಗೆ ಕಳಿಸಿತು. ಬೇಕಾದವರು ದೊಡ್ಡದು ತಗೊಳ್ಳಬಹುದು, ಬೇಕಾದವರು ಸಣ್ಣದು. ಅದಕ್ಕೆ ಒಂದೆರಡು ತಿಂಗಳ ಮೊದಲು ‘ದಿ ಇಂಡಿಪೆಂಡೆಂಟ್’ ಹೀಗೇ ಮಾಡಿತ್ತು. 2004 ಮುಗಿಯುವ ಮೊದಲು ಎರಡೂ ಪತ್ರಿಕೆಗಳು ದೊಡ್ಡ ಹಾಳೆಯನ್ನು ಕೈಬಿಟ್ಟವು. ಆದರೆ ಇಬ್ಬರೂ ಟ್ಯಾಬ್ಲಾಯ್ಡ್ ಅನ್ನುವ ಪದವನ್ನು ಮುಟ್ಟಲಿಲ್ಲ. ‘ಕಾಂಪ್ಯಾಕ್ಟ್’ ಎಂದು ಕರೆದುಕೊಂಡರು. ನಿಮ್ಮ ಹಿರಿಯರಿಗಿರುವ ಭಯವೇ ಅಂಥ ದೊಡ್ಡ ಪತ್ರಿಕೆಗಳಿಗೂ ಇತ್ತು ಅಂತಾಯಿತಲ್ವಾ? ಹೆಸರಿನ ಭಯ ಇಟ್ಟುಕೊಂಡೇ ಅವರು ಅಳತೆ ಬದಲಿಸಿದರು.

ಇಷ್ಟು ಹೇಳಿದ ಮೇಲೆ ನಿಮ್ಮ ಗೆಳೆಯ ಗೆದ್ದ ಅನ್ನಿಸಬಹುದು. ಪೂರ್ತಿ ಗೆದ್ದಿಲ್ಲ. ಸಣ್ಣ ಹಾಳೆಗೆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ, ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಮಾರಾಟದ ಬಗೆ. ಜೋಸೆಫ್ ಮೆಡಿಲ್ ಪ್ಯಾಟರ್ಸನ್ 1919ರಲ್ಲಿ ನ್ಯೂಯಾರ್ಕಿನಲ್ಲಿ ‘ಡೈಲಿ ನ್ಯೂಸ್’ ಶುರು ಮಾಡಿದ. ಸುರಂಗ ರೈಲಿನ ನೂಕುನುಗ್ಗಲಿನಲ್ಲಿ ನಿಂತವನು ಒಂದು ಕೈಯಲ್ಲಿ ಹಿಡಿದು ಓದುವಂಥ ಪತ್ರಿಕೆ ಅದು. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟವಾಗುವ ಪತ್ರಿಕೆಯಾಯಿತು. ಇಂಥ ಪತ್ರಿಕೆಗೆ ಚಂದಾದಾರ ಇಲ್ಲ, ಬಿಡಿ ಮಾರಾಟವೇ ಜೀವಾಳ. ನಿನ್ನೆ ಕೊಂಡವನು ಇವತ್ತು ಕೊಳ್ಳುತ್ತಾನೆ ಎಂಬ ಖಾತ್ರಿ ಇಲ್ಲ. ದಿನಾ ಬೆಳಗ್ಗೆ ಮುಖಪುಟ ದಾರಿಹೋಕನನ್ನು ಹೊಸದಾಗಿ ತಡೆದು ನಿಲ್ಲಿಸಬೇಕು. ಪಕ್ಕದ ಪತ್ರಿಕೆ ನಿನ್ನೆ ಕೂಗಿದ್ದಕ್ಕಿಂತ ಇವತ್ತು ನಾವು ಒಂದು ಮಟ್ಟ ಜೋರಾಗಿ ಕೂಗಬೇಕು. 1924ರಲ್ಲಿ ಅದೇ ಊರಿನಲ್ಲಿ ಇನ್ನೆರಡು ಟ್ಯಾಬ್ಲಾಯ್ಡ್ ಹುಟ್ಟಿದ ಮೇಲೆ ಪೈಪೋಟಿ ಎಲ್ಲೆ ಮೀರಿತು. ಅವುಗಳಲ್ಲೊಂದಾದ ‘ಈವನಿಂಗ್ ಗ್ರಾಫಿಕ್’, ನಟರನ್ನು ನಿಲ್ಲಿಸಿ ತೆಗೆದ ಫೋಟೋಕ್ಕೆ ನಿಜವಾದ ವ್ಯಕ್ತಿಗಳ ಮುಖ ಅಂಟಿಸಿ, ಕೋರ್ಟಿನೊಳಗೆ ನಡೆದದ್ದು ಎಂಬಂತೆ ಅಚ್ಚು ಹಾಕುತ್ತಿತ್ತು. 1928ರ ಜನವರಿಯಲ್ಲಿ ರೂತ್ ಸ್ನೈಡರ್ ಎಂಬಾಕೆಗೆ ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆ ಆಯಿತು. ಅಲ್ಲಿ ಕ್ಯಾಮೆರಾಕ್ಕೆ ಅವಕಾಶವಿರಲಿಲ್ಲ. ‘ಡೈಲಿ ನ್ಯೂಸ್’ ಕಳಿಸಿದ್ದ ಟಾಮ್ ಹೋವರ್ಡ್ ಕಾಲಿನ ಗಂಟಿಗೆ ಚಿಕ್ಕ ಕ್ಯಾಮೆರಾ ಕಟ್ಟಿಕೊಂಡು ಒಳಹೋಗಿ ಆ ಕ್ಷಣದ ಫೋಟೋ ತೆಗೆದ. ಮರುದಿನದ ಮುಖಪುಟದಲ್ಲಿ ಅದೊಂದೇ ಫೋಟೋ, ಮೇಲೆ ‘ಸತ್ತಳು!’ ಎಂಬ ತಲೆಬರಹ. ಟ್ಯಾಬ್ಲಾಯ್ಡ್ ಎಂದ ಕೂಡಲೇ ಜನರ ಕಣ್ಣಮುಂದೆ ಬರುವ ಚಿತ್ರ ಇಂಥ ಪುಟಗಳಿಂದ ಗಟ್ಟಿಯಾಯಿತು. ಬ್ರಿಟನ್ನಿನಲ್ಲಿ ಅದೇ ಕೆಲಸವನ್ನು 1969ರ ನಂತರ ‘ದಿ ಸನ್’ ಮಾಡಿತು. ಆ ವರ್ಷ ರೂಪರ್ಟ್ ಮರ್ಡಾಕ್ ಅದನ್ನು ಕೊಂಡು, ದೊಡ್ಡ ಹಾಳೆಯಿಂದ ಸಣ್ಣದಕ್ಕೆ ಬದಲಿಸಿದ. ಹತ್ತು ವರ್ಷ ತುಂಬುವುದರೊಳಗೆ ಅದು ಮಾರಾಟದಲ್ಲಿ ‘ಮಿರರ್’ ಅನ್ನು ಹಿಂದೆ ಹಾಕಿತ್ತು.

ಎರಡನೆಯ ಕಾರಣ ಮುಖಪುಟದ ಜಾಗ. ಇದನ್ನು ಪುಟ ಕಟ್ಟಿದವರಷ್ಟೇ ಗಮನಿಸುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರಾಡ್‌ಶೀಟಿನ ಮುಖಪುಟದಲ್ಲಿ ಆರೇಳು ಸುದ್ದಿ ಕೂರುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ, ಯಾವುದಕ್ಕೆ ಎಷ್ಟು ಕಾಲಂ ಎನ್ನುವುದರಿಂದಲೇ ಓದುಗನಿಗೆ ಸುದ್ದಿಗಳ ತೂಕ ಗೊತ್ತಾಗುತ್ತದೆ. ಟ್ಯಾಬ್ಲಾಯ್ಡಿನಲ್ಲಿ ಆ ಅವಕಾಶ ಕಡಿಮೆ. ಹೆಚ್ಚೆಂದರೆ ಒಂದು ಸುದ್ದಿ, ಒಂದು ಫೋಟೋ, ಅಂಚಿನಲ್ಲಿ ಒಳಪುಟಗಳ ಸೂಚನೆ. ಆ ಒಂದು ಸುದ್ದಿ ನಿಜಕ್ಕೂ ಅಷ್ಟು ದೊಡ್ಡದೋ ಅಲ್ಲವೋ, ಪುಟವಂತೂ ಅದನ್ನು ದೊಡ್ಡದು ಮಾಡಿಬಿಡುತ್ತದೆ. ಅಕ್ಷರ ದೊಡ್ಡದಾದಷ್ಟೂ ತಲೆಬರಹದಲ್ಲಿ ಪದಗಳು ಕಡಿಮೆಯಾಗುತ್ತವೆ. ಮೊದಲು ಬಿದ್ದುಹೋಗುವ ಪದಗಳು ಯಾವುವು ಗೊತ್ತೇ? ‘ಆರೋಪ’, ‘ಶಂಕೆ’, ‘ಪೊಲೀಸರ ಹೇಳಿಕೆ’. ಸುದ್ದಿಯ ಒಳಗೆ ಅವು ಇರುತ್ತವೆ. ತಲೆಬರಹದಲ್ಲಿ ಜಾಗ ಸಾಲದೆ ಹೋಗುತ್ತವೆ. ಓದುಗನ ಮನಸ್ಸಿನಲ್ಲಿ ಉಳಿಯುವುದು ತಲೆಬರಹ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 1989ರ ಏಪ್ರಿಲ್ ನೋಡಿ. ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಬಂದಿದ್ದ ಲಿವರ್‌ಪೂಲ್ ತಂಡದ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸಿಕ್ಕಿ ಸತ್ತರು. ಒಟ್ಟು 97 ಜೀವ ಹೋಯಿತು. ಸತ್ತವರ ಜೇಬಿಗೆ ಕೈಹಾಕಿದ್ದು ಅವರ ಜೊತೆಗಾರರೇ ಎಂಬ ಆರೋಪ ಪೊಲೀಸ್ ಮೂಲಗಳಿಂದ ಸುದ್ದಿಸಂಸ್ಥೆಯೊಂದಕ್ಕೆ ಹೋಯಿತು, ಅಲ್ಲಿಂದ ಹಲವು ಪತ್ರಿಕೆಗಳಿಗೆ. ಬೇರೆ ಪತ್ರಿಕೆಗಳೂ ಅದನ್ನು ಛಾಪಿಸಿದವು, ಆರೋಪ ಎಂದು. ‘ದಿ ಸನ್’ ಮಾತ್ರ ಮುಖಪುಟದ ತುಂಬಾ ‘ಸತ್ಯ’ ಎಂಬ ತಲೆಬರಹ ಕೊಟ್ಟಿತು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂದು ಆ ಆರೋಪಗಳಿಗೆ ಆಧಾರವಿಲ್ಲ ಎಂದಾಗ ಪತ್ರಿಕೆಯೂ ಅಂದಿನ ಸಂಪಾದಕ ಕೆಲ್ವಿನ್ ಮೆಕೆಂಜಿಯೂ ಕ್ಷಮೆ ಕೇಳಿದರು. ಲಿವರ್‌ಪೂಲಿನ ಎಷ್ಟೋ ಮನೆ, ಅಂಗಡಿಗಳಲ್ಲಿ ಆ ಪತ್ರಿಕೆಯನ್ನು ಇವತ್ತಿಗೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತ ಮಕ್ಕಳ ತಂದೆತಾಯಿ ಆ ಸುಳ್ಳನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೊತ್ತುಕೊಂಡು ಬದುಕಬೇಕಾಯಿತು. ಈ ಪ್ರಕರಣ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪುಟ ಕಟ್ಟುವವರು ಕಲಿಯಬೇಕಾದ್ದೆಲ್ಲ ಆ ಒಂದು ಪದದಲ್ಲಿದೆ.

ಹಾಗಾಗಿ ನಾನು ಹೇಳುವುದಿಷ್ಟು. ಹಾಳೆ ಸುಳ್ಳು ಹೇಳುವುದಿಲ್ಲ. ಆದರೆ ಸಣ್ಣ ಹಾಳೆ ಕೂಗುವ ಕಡೆಗೆ ನಿಮ್ಮನ್ನು ಮೆಲ್ಲಗೆ ತಳ್ಳುತ್ತದೆ. ಬಿಡಿ ಮಾರಾಟದ ಒತ್ತಡವೂ ಸೇರಿದರೆ ಆ ತಳ್ಳಾಟ ಜೋರಾಗುತ್ತದೆ. ತಡೆಯಬೇಕಾದವರು ಸಂಪಾದಕರು.

ಈಗ ನಿಮ್ಮ ಆಯ್ಕೆಗಳಿಗೆ ಬರೋಣ.

ದೊಡ್ಡ ಹಾಳೆ ತಗೊಂಡರೆ ನೋಟಕ್ಕೆ ಗಾಂಭೀರ್ಯ ಬರುತ್ತದೆ ನಿಜ. ಅದು ಅಭ್ಯಾಸದಿಂದ ಬಂದ ಭಾವನೆ. ಹಿಂದೆ ಬ್ರಿಟನ್ನಿನಲ್ಲಿ ಪತ್ರಿಕೆಗಳ ಮೇಲೆ ಹಾಳೆಯ ಲೆಕ್ಕದಲ್ಲಿ ತೆರಿಗೆ ಇತ್ತು; 1855ರವರೆಗೂ ನಡೆಯಿತು. ಹಾಳೆ ಕಡಿಮೆ ಮಾಡಲು ಪುಟ ದೊಡ್ಡದು ಮಾಡಿದರು. ಗೌರವಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮಂಥ ಸಣ್ಣ ತಂಡಕ್ಕೆ ಇಲ್ಲಿರುವ ಅಪಾಯ ಬೇರೆ. ಅಷ್ಟು ದೊಡ್ಡ ಪುಟ ತುಂಬಲು ಬಹಳ ಸರಕು ಬೇಕು. ಸರಕು ಸಾಲದಾಗ ಏನಾಗುತ್ತದೆ ಎಂದು ನಾನು ಎಷ್ಟೋ ಕಡೆ ನೋಡಿದ್ದೇನೆ. ಪತ್ರಿಕಾ ಪ್ರಕಟಣೆಗಳನ್ನು ಹಾಗೆಹಾಗೇ ಸುರಿಯುತ್ತಾರೆ, ಫೋಟೋ ಹಿಗ್ಗಿಸುತ್ತಾರೆ, ಸಾಲಿನ ನಡುವಿನ ಅಂತರ ಹೆಚ್ಚಿಸುತ್ತಾರೆ. ಗಾಂಭೀರ್ಯಕ್ಕೆಂದು ತಂದ ಪುಟ ಬಡವಾಗಿ ಕಾಣುತ್ತದೆ. ಜೊತೆಗೆ, ನಾಲ್ಕು ಪುಟದ ಬ್ರಾಡ್‌ಶೀಟಿಗೆ ಬೇಕಾಗುವ ಕಾಗದದಲ್ಲಿ ಎಂಟು ಪುಟದ ಟ್ಯಾಬ್ಲಾಯ್ಡ್ ಬರುತ್ತದೆ. ಎಂಟು ಪುಟ ಎಂದರೆ ವಿಷಯಗಳನ್ನು ವಿಂಗಡಿಸಿ ಕೊಡಲು ಅನುಕೂಲ.

ನಡುವಿನ ಅಳತೆ ಇದೆಯೇ ಎಂದು ಕೇಳಿದ್ದೀರಿ. ಇದೆ. ಬರ್ಲಿನರ್ ಎನ್ನುತ್ತಾರೆ. ಸುಮಾರು 47 ಸೆಂಟಿಮೀಟರ್ ಉದ್ದ, 31.5 ಅಗಲ. ಫ್ರಾನ್ಸಿನ ‘ಲ ಮೋಂದ್’ ಈ ಅಳತೆಯದು. ನೋಡಲು ಬಹಳ ಚೆಂದ, ನನಗೆ ವೈಯಕ್ತಿಕವಾಗಿ ಇದೇ ಇಷ್ಟ. ಆದರೆ ಎಲ್ಲ ಯಂತ್ರಗಳಲ್ಲೂ ಬರುವುದಿಲ್ಲ. ‘ದಿ ಗಾರ್ಡಿಯನ್’ 2005ರಲ್ಲಿ ಈ ಅಳತೆಗೆ ಹೋಗಲು ಸುಮಾರು 8 ಕೋಟಿ ಪೌಂಡ್ ಸುರಿದು ಬೇರೆಯೇ ಯಂತ್ರಗಳನ್ನು ಹಾಕಿಸಿತು. ಹದಿಮೂರು ವರ್ಷ ಕಳೆಯುವ ಮೊದಲೇ, 2018ರ ಜನವರಿಯಲ್ಲಿ, ಖರ್ಚು ತಗ್ಗಿಸಲು ಅದನ್ನೆಲ್ಲ ಬಿಟ್ಟು ಟ್ಯಾಬ್ಲಾಯ್ಡ್ ಅಳತೆಗೆ ಬಂದು, ಬೇರೊಂದು ಕಂಪನಿಯ ಮುದ್ರಣಾಲಯದಲ್ಲಿ ಅಚ್ಚು ಹಾಕಿಸತೊಡಗಿತು. ನಿಮ್ಮ ಮುದ್ರಣಾಲಯದಲ್ಲಿ ಬರ್ಲಿನರ್ ಸಲೀಸಾಗಿ ಬಂದರೆ ಯೋಚಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ. ಮುಂದೆ ಮುದ್ರಣಾಲಯ ಬದಲಿಸಬೇಕಾಗಿ ಬಂದಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಟ್ಯಾಬ್ಲಾಯ್ಡಿಗೆ ಹೋದರೆ ಒಂದು ನಷ್ಟ ಮೊದಲೇ ತಿಳಿದಿರಲಿ. ಪೂರ್ಣ ಪುಟದ ಜಾಹೀರಾತಿನ ವಿಸ್ತೀರ್ಣ ಅರ್ಧವಾಗುತ್ತದೆ, ಹಾಗಾಗಿ ದೊಡ್ಡ ಹಾಳೆಯ ದರ ಕೇಳಲು ಆಗುವುದಿಲ್ಲ. ಬೇರೆ ಬೇರೆ ವಿಭಾಗಗಳನ್ನು ಎಳೆದು ಮನೆಮಂದಿ ಹಂಚಿಕೊಂಡು ಓದುವುದೂ ಕಷ್ಟ. ಹದಿನೈದು ದಿನಕ್ಕೊಮ್ಮೆ ಬರುವ ಎಂಟು ಪುಟದ ಪತ್ರಿಕೆಗೆ ಇವೆರಡೂ ದೊಡ್ಡ ತೊಂದರೆ ಅಲ್ಲ.

ಹೆಸರಿನ ಅಪಾಯ ತಪ್ಪಿಸಲು ನಿಮ್ಮ ಕೈಯಲ್ಲಿ ಬಹಳಷ್ಟಿದೆ. ಓದುಗ ಹಳದಿ ಪತ್ರಿಕೆಯನ್ನು ಗುರುತಿಸುವುದು ಅದರ ವೇಷದಿಂದ. ಕೆಂಪು ಪಟ್ಟಿಯೊಳಗೆ ಬಿಳಿ ಅಕ್ಷರದ ಹೆಸರು, ಕಪ್ಪು ಚೌಕದಲ್ಲಿ ತಲೆಬರಹ, ಸಾಲು ಸಾಲು ಆಶ್ಚರ್ಯಸೂಚಕ ಚಿಹ್ನೆ, ಕತ್ತರಿಸಿ ಅಂಟಿಸಿದ ಮುಖಗಳು. ಬ್ರಿಟನ್ನಿನಲ್ಲಿ ಇಂಥ ಪತ್ರಿಕೆಗಳಿಗೆ ‘ರೆಡ್ ಟಾಪ್’ ಎಂದೇ ಹೆಸರಿದೆ, ಮೇಲಿನ ಕೆಂಪು ಪಟ್ಟಿಯಿಂದಾಗಿ. ಇವೆಲ್ಲ ಬಿಡಿ. ಮುಖಪುಟದಲ್ಲಿ ಕನಿಷ್ಠ ಎರಡು ಸುದ್ದಿ ಇರಲೇಬೇಕು ಎಂದು ನಿಯಮ ಮಾಡಿ. ಒಂದೇ ಸುದ್ದಿ ಪುಟ ತುಂಬಿದರೆ ಸಾಮಾನ್ಯವಾದದ್ದೂ ಮಹಾಪ್ರಳಯದಂತೆ ಕಾಣುತ್ತದೆ. ಆರೋಪದ ಸುದ್ದಿಯಾದರೆ ಆರೋಪ ಎಂಬ ಮಾತು ತಲೆಬರಹದಲ್ಲೇ ಇರಲಿ. ಅದಕ್ಕೆ ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡಿ, ಮಾತನ್ನು ತೆಗೆಯಬೇಡಿ. ಸುದ್ದಿ ಬರೆಯದ ಒಬ್ಬರು ತಲೆಬರಹ ಮಾತ್ರ ಓದಿ ತಮಗೆ ಏನು ಅರ್ಥವಾಯಿತು ಎಂದು ಹೇಳಲಿ, ಆಮೇಲೆ ಸುದ್ದಿ ಓದಲಿ. ಎರಡೂ ಹೊಂದದಿದ್ದರೆ ತಲೆಬರಹ ಬದಲಾಗಬೇಕು. ಈ ಕೆಲಸಕ್ಕೆ ನಿಮ್ಮ ಹಿರಿಯರೇ ಸರಿಯಾದ ಜನ ಅನ್ನಿಸುತ್ತದೆ. ಅವರ ಅನುಮಾನ ಪತ್ರಿಕೆಗೆ ಆಸ್ತಿ.

ಇನ್ನೊಂದು ಮಾತು. ಆದಷ್ಟು ಚಂದಾದಾರರನ್ನು ಮೊದಲೇ ಮಾಡಿಕೊಳ್ಳಿ. ವರ್ಷದ ಹಣ ಕೊಟ್ಟ ಓದುಗನನ್ನು ಪ್ರತಿ ಸಂಚಿಕೆಗೂ ಕೂಗಿ ಕರೆಯಬೇಕಾಗಿಲ್ಲ. ಪೂರ್ತಿ ಬಿಡಿ ಮಾರಾಟವನ್ನೇ ನಂಬಿದರೆ, ಮಾರಾಟ ಇಳಿದ ಮೊದಲ ತಿಂಗಳೇ ‘ಸ್ವಲ್ಪ ಮಸಾಲೆ ಹಾಕೋಣ’ ಎಂಬ ಮಾತು ತಂಡದೊಳಗೇ ಬರುತ್ತದೆ. ಕಾನೂನಿನ ವಿಷಯದಲ್ಲಿ ಅಳತೆಯಿಂದ ಯಾವ ವ್ಯತ್ಯಾಸವೂ ಇಲ್ಲ. ಮಾನನಷ್ಟದ ದಾವೆ ಬಂದರೆ ಕೋರ್ಟು ಅಳೆದು ನೋಡುವುದು ನೀವು ಬರೆದದ್ದನ್ನು.

ಹಿರಿಯರನ್ನು ಒಪ್ಪಿಸಲು ಮಾತಿಗಿಂತ ಮಾದರಿ ಸಂಚಿಕೆ ಒಳ್ಳೆಯದು. ನಿಮ್ಮ ಹತ್ತಿರ ಈಗಿರುವ ಸುದ್ದಿಗಳನ್ನೇ ಎರಡು ಅಳತೆಯಲ್ಲೂ ಪುಟ ಕಟ್ಟಿ, ನಿಜವಾದ ಅಳತೆಯಲ್ಲಿ ಅಚ್ಚು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಕಂಪ್ಯೂಟರ್ ಪರದೆಯ ಮೇಲೆ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪುಟ ಕಟ್ಟುವ ಮೊದಲು ಮುದ್ರಣಾಲಯದವರಿಂದ ಮೂರು ವಿಷಯ ಬರೆಸಿಕೊಳ್ಳಿ: ಅಂಚು ಬಿಟ್ಟು ಅಚ್ಚಾಗುವ ಜಾಗ ಸರಿಯಾಗಿ ಎಷ್ಟು, ಪುಟ ಹೆಚ್ಚಿಸುವಾಗ ನಾಲ್ಕರ ಲೆಕ್ಕವೋ ಎಂಟರ ಲೆಕ್ಕವೋ, ಮತ್ತು ಬಣ್ಣ ಯಾವ ಯಾವ ಪುಟಕ್ಕೆ ಬರುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಜಾಹೀರಾತುದಾರರಿಗೆ ಬಣ್ಣದ ಪುಟ ಎಂದು ಮಾತು ಕೊಟ್ಟ ಮೇಲೆ ಆ ಪುಟ ಕಪ್ಪು-ಬಿಳುಪು ಎಂದು ಗೊತ್ತಾಗುವ ಪರಿಸ್ಥಿತಿ ನಿಮಗೆ ಬರಬಾರದು.